ಶರ್ಲಿ ಟೆಂಪಲ್ ಗೊಂಬೆ

ಶರ್ಲಿ ಟೆಂಪಲ್ ಗೊಂಬೆಯು ಅಮೆರಿಕದ ಬಾಲನಟಿ ಶರ್ಲಿ ಟೆಂಪಲ್ (1928–2014) ಅವರ ಮುಖಚಹರೆಯನ್ನು ಹೋಲುವಂತೆ ತಯಾರಿಸಲಾದ ಆಟಿಕೆ. ಐಡಿಯಲ್ ನಾವೆಲ್ಟಿ ಅಂಡ್ ಟಾಯ್ ಕಂಪನಿಯು ಇದನ್ನು 1934ರಲ್ಲಿ ಮೊದಲ ಬಾರಿಗೆ ಮಾರುಕಟ್ಟೆಗೆ ತಂದಿತು. ಇದೇ ಹೆಸರಿನ ಗೊಂಬೆಗಳು ಮುಂದಿನ ದಶಕಗಳಲ್ಲಿ ಬೇರೆ ಬೇರೆ ವಸ್ತುಗಳಿಂದ ಮತ್ತೆ ಮತ್ತೆ ತಯಾರಾದವು. ಆದ್ದರಿಂದ ಗೊಂಬೆಯು ಯಾವ ಕಾಲದ್ದೆಂದು ನಿರ್ಧರಿಸದೆ ಅದರ ಬೆಲೆಯನ್ನು ಅಂದಾಜಿಸಲು ಸಾಧ್ಯವಿಲ್ಲ.

ಹಿನ್ನೆಲೆ

ಐಡಿಯಲ್ ಕಂಪನಿಯ ಮೂಲಪುರುಷ ಮಾರಿಸ್ ಮಿಚ್ಟಮ್ ಮತ್ತು ಅವರ ಪತ್ನಿ ರೋಸ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಟೆಡ್ಡಿ ಬೇರ್ ತಯಾರಿಸಿ ಹೆಸರಾಗಿದ್ದರು. 1934ರಲ್ಲಿ ತೆರೆಕಂಡ 'ಸ್ಟ್ಯಾಂಡ್ ಅಪ್ ಅಂಡ್ ಚಿಯರ್' ಚಲನಚಿತ್ರದಿಂದ ಶರ್ಲಿ ಜನಪ್ರಿಯಳಾದಳು. ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ಈ ಜನಪ್ರಿಯತೆಯನ್ನು ಆಧರಿಸಿ ಕಂಪನಿಯು ಪರವಾನಗಿ ಪಡೆದು ಗೊಂಬೆಯನ್ನು ಹೊರತಂದಿತು. ಇದರ ಮುಖವನ್ನು ರೂಪಿಸಿದವರು ಶಿಲ್ಪಿ ಬರ್ನಾರ್ಡ್ ಲಿಪ್ಫರ್ಟ್. ಆರಂಭದ ವರ್ಷಗಳ ಉಡುಪುಗಳನ್ನು ಮಾಲಿ ಗೋಲ್ಡ್‌ಮನ್ ವಿನ್ಯಾಸಗೊಳಿಸಿದರು. ಈ ಉಡುಪುಗಳು ಶರ್ಲಿಯು ಚಿತ್ರಗಳಲ್ಲಿ ಧರಿಸಿದ್ದ ಉಡುಪುಗಳನ್ನು ಹೋಲುತ್ತಿದ್ದವು.

ಮೊದಲ ತಲೆಮಾರಿನ ಲಕ್ಷಣಗಳು

1930ರ ದಶಕದ ಗೊಂಬೆಗಳು 'ಕಾಂಪೊಸಿಷನ್' ಎಂಬ ಮಿಶ್ರಣದಿಂದ ಆದವು. ಮರದ ಹೊಟ್ಟು, ಅಂಟು ಮೊದಲಾದವುಗಳನ್ನು ಕಲಸಿ, ಅಚ್ಚಿನಲ್ಲಿ ಒತ್ತಿ, ಮೇಲೆ ಬಣ್ಣ ಬಳಿಯುವುದು ಇದರ ವಿಧಾನ. ಎತ್ತರವು 11 ಅಂಗುಲದಿಂದ 27 ಅಂಗುಲದವರೆಗೆ ಇರುತ್ತದೆ. ಕುತ್ತಿಗೆ, ಭುಜ ಮತ್ತು ಸೊಂಟದಲ್ಲಿ ಕೀಲುಗಳಿರುತ್ತವೆ. ಗುಂಗುರು ಹೊಂಬಣ್ಣದ ಮೊಹೇರ್ ಕೂದಲು, ಮಲಗಿಸಿದಾಗ ಮುಚ್ಚಿಕೊಳ್ಳುವ ಕಂದು-ಹಸಿರು ಕಣ್ಣುಗಳು, ಮೇಲಿನ ಹಲ್ಲುಗಳು ಕಾಣುವ ತೆರೆದ ಬಾಯಿ ಮತ್ತು ಗುಳಿಬಿದ್ದ ಕೆನ್ನೆಗಳು ಇದರ ಮುಖ್ಯ ಗುರುತುಗಳು.

ತಲೆಯ ಹಿಂಭಾಗದಲ್ಲಿ ಅಥವಾ ಬೆನ್ನಿನಲ್ಲಿ, ಕೆಲವೊಮ್ಮೆ ಎರಡೂ ಕಡೆ, ಶರ್ಲಿ ಟೆಂಪಲ್ ಎಂಬ ಹೆಸರು ರೋಮನ್ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಜೊತೆಗೆ ಅಳತೆಯ ಸಂಖ್ಯೆಯೂ ಇರಬಹುದು. ಮೂಲ ಉಡುಪಿನ ಒಳಗೆ ನೇಯ್ದ ಬಟ್ಟೆಯ ಪಟ್ಟಿ ಮತ್ತು ಎದೆಯ ಮೇಲೆ ಶರ್ಲಿಯ ಛಾಯಾಚಿತ್ರವಿರುವ ಬಿಲ್ಲೆ ಇರುತ್ತಿದ್ದವು. ಕೆಲವು ಉಡುಪುಗಳ ಪಟ್ಟಿಯಲ್ಲಿ ಎನ್‌ಆರ್‌ಎ ಎಂಬ ಅಕ್ಷರಗಳು ಕಾಣುತ್ತವೆ. ಇದು 1933ರಲ್ಲಿ ಆರಂಭವಾದ ಅಮೆರಿಕ ಸರ್ಕಾರದ ರಾಷ್ಟ್ರೀಯ ಪುನಶ್ಚೇತನ ಆಡಳಿತದ ಗುರುತು. 1935ರ ಮೇ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಈ ಯೋಜನೆಯ ಕಾನೂನನ್ನು ಅಸಿಂಧುಗೊಳಿಸಿತು. ಆದಕಾರಣ ಈ ಅಕ್ಷರಗಳಿರುವ ಉಡುಪು ಆರಂಭಿಕ ವರ್ಷಗಳದ್ದೆಂದು ಊಹಿಸಲು ಆಧಾರ ದೊರೆಯುತ್ತದೆ.

ನಂತರದ ಆವೃತ್ತಿಗಳು

1957ರಲ್ಲಿ ಐಡಿಯಲ್ ಕಂಪನಿಯು ವಿನೈಲ್ ಗೊಂಬೆಗಳನ್ನು ಹೊರತಂದಿತು. ಇವುಗಳಲ್ಲಿ ಕೂದಲನ್ನು ನೆತ್ತಿಗೇ ನೆಟ್ಟಿರುತ್ತದೆ. 12 ಅಂಗುಲದ ಗೊಂಬೆಯಲ್ಲಿ 'ಎಸ್‌ಟಿ-12' ಎಂಬ ಗುರುತಿದೆ. ಬಳಿಕ 36 ಅಂಗುಲದ ಗೊಂಬೆಯೂ ಬಂದಿತು. 1970ರ ದಶಕದ ಆರಂಭದಲ್ಲಿ ಮತ್ತೊಂದು ವಿನೈಲ್ ಆವೃತ್ತಿ ಬಂದಿದ್ದು, ಅದರ ತಲೆಯ ಮೇಲೆ 1971 ಎಂಬ ವರ್ಷವಿದೆ. ಡ್ಯಾನ್‌ಬರಿ ಮಿಂಟ್ ಸಂಸ್ಥೆಯು ಸಂಗ್ರಹಕಾರರಿಗಾಗಿಯೇ ಪಿಂಗಾಣಿ ಗೊಂಬೆಗಳನ್ನು ಮಾರಿತು. ಪಿಂಗಾಣಿಯ ಮುಖವಿದ್ದರೆ ಗೊಂಬೆ ಹೆಚ್ಚು ಹಳೆಯದೆಂಬ ಭಾವನೆ ಸಾಮಾನ್ಯವಾಗಿದೆ. ಈ ಗೊಂಬೆಯ ವಿಷಯದಲ್ಲಿ ಅದು ತಪ್ಪು.

1930ರ ದಶಕದಲ್ಲಿಯೇ ಶರ್ಲಿಯನ್ನು ಹೋಲುವ ಗೊಂಬೆಗಳನ್ನು ಇತರ ತಯಾರಕರೂ ಮಾರಿದರು. ಅವುಗಳಲ್ಲಿ ಕೆಲವು ಜಪಾನಿನಲ್ಲಿ ತಯಾರಾದವು. ಇವು ಹಳೆಯವಾದರೂ ಐಡಿಯಲ್ ಕಂಪನಿಯವಲ್ಲ.

ಮೌಲ್ಯ ನಿರ್ಧಾರ

ವಯಸ್ಸೊಂದರಿಂದಲೇ ಬೆಲೆ ನಿರ್ಧಾರವಾಗುವುದಿಲ್ಲ. ಈ ಗೊಂಬೆಗಳು ಅಪಾರ ಸಂಖ್ಯೆಯಲ್ಲಿ ಮಾರಾಟವಾಗಿದ್ದರಿಂದ ಸಾಧಾರಣ ಸ್ಥಿತಿಯವು ವಿರಳವಲ್ಲ. ಸುಸ್ಥಿತಿಯಲ್ಲಿರುವ, ಮೂಲ ಉಡುಪು, ಬಿಲ್ಲೆ ಮತ್ತು ಪೆಟ್ಟಿಗೆಗಳ ಸಹಿತ ಉಳಿದ ಗೊಂಬೆಗಳು ಮಾತ್ರ ವಿರಳ. ಪರಿಶೀಲಿಸುವಾಗ ಮುಖ್ಯವಾಗಿ ಗಮನಿಸಬೇಕಾದ ಅಂಶಗಳು ಇವು:

• ಮುಖದ ಬಣ್ಣದಲ್ಲಿ ಸೂಕ್ಷ್ಮ ಬಿರುಕುಗಳಿವೆಯೇ, ಮರುಬಣ್ಣ ಬಳಿಯಲಾಗಿದೆಯೇ
• ಕಣ್ಣುಗಳು ಮಂಕಾಗಿವೆಯೇ
• ಕೂದಲು ಮೂಲದ್ದೇ, ಗುಂಗುರುಗಳು ಕೆದರದೆ ಉಳಿದಿವೆಯೇ
• ತಲೆ ಮತ್ತು ಮೈ ಒಂದೇ ಗೊಂಬೆಯವೇ
• ಉಡುಪಿನ ಪಟ್ಟಿ ಮತ್ತು ಬಿಲ್ಲೆ ಅಸಲಿಯೇ

ಬಿಲ್ಲೆ ಹಾಗೂ ಉಡುಪುಗಳ ನಕಲುಗಳು ಚಲಾವಣೆಯಲ್ಲಿವೆ. ಆದ್ದರಿಂದ ಬಿಲ್ಲೆಯೊಂದನ್ನೇ ನಂಬಿ ಗೊಂಬೆಯನ್ನು ಅಸಲಿಯೆಂದು ತೀರ್ಮಾನಿಸಬಾರದು. ಮಾರುವವರು ಕೇಳುವ ಬೆಲೆಗಿಂತ, ಅದೇ ಅಳತೆ ಮತ್ತು ಅದೇ ಸ್ಥಿತಿಯ ಗೊಂಬೆ ಹರಾಜಿನಲ್ಲಿ ವಾಸ್ತವವಾಗಿ ಮಾರಾಟವಾದ ಬೆಲೆಯೇ ಸರಿಯಾದ ಅಳತೆಗೋಲು.

ಸಂರಕ್ಷಣೆ

ಉಷ್ಣತೆ ಮತ್ತು ತೇವಾಂಶ ಬದಲಾದಂತೆ ಕಾಂಪೊಸಿಷನ್ ಹಿಗ್ಗುತ್ತದೆ, ಕುಗ್ಗುತ್ತದೆ. ಮೇಲಿನ ಬಣ್ಣದ ಪದರವು ಅದಕ್ಕೆ ಹೊಂದಿಕೊಳ್ಳಲಾರದೆ ಬಿರುಕು ಬಿಡುತ್ತದೆ. ನೀರು ತಗುಲಿದರೆ ಒಳಗಿನ ಅಂಟು ಸಡಿಲಗೊಂಡು ಮೇಲ್ಮೈ ಏಳುತ್ತದೆ. ಹೀಗಾಗಿ ಅಟ್ಟದಲ್ಲಿ ದೊರೆತ ಗೊಂಬೆಯನ್ನು ಮಾರುವ ಮೊದಲು ಸೋಪು ನೀರಿನಿಂದ ತೊಳೆಯುವುದು, ಕೂದಲನ್ನು ಬಾಚುವುದು ಅಥವಾ ಹೊಸ ಬಣ್ಣ ಹಚ್ಚುವುದು ಅದರ ಮೌಲ್ಯವನ್ನು ಶಾಶ್ವತವಾಗಿ ಕುಗ್ಗಿಸಬಹುದು. ಒಣಗಿದ ಮೃದುವಾದ ಕುಂಚದಿಂದ ಧೂಳು ತೆಗೆದು, ಬಿಸಿಲು ಮತ್ತು ತೇವದಿಂದ ದೂರವಿಟ್ಟು, ಪ್ಲಾಸ್ಟಿಕ್ ಚೀಲದ ಬದಲು ಆಮ್ಲರಹಿತ ಕಾಗದದಲ್ಲಿ ಸುತ್ತಿಡುವುದು ಸುರಕ್ಷಿತ ಕ್ರಮ.