ಆಂಗ್ಲ ರಂಗಭೂಮಿಯ ಅಭಿನೇತ್ರಿ ಪೆಗ್ಗಿ ಆಶ್‌ಕ್ರಾಫ್ಟ್

ಕಲೆಗಳಲ್ಲಿ ನಾಟ್ಯಕಲೆಗೆ ಒಂದು ವಿಶೇಷವಾದ ದುರದೃಷ್ಟವುಂಟು. ಕವಿಯು ಕಾಲವಶನಾದರೂ ಅವನ ಕಾವ್ಯವು ಓಲೆಗರಿಯಲ್ಲಿ ಉಳಿಯುವುದು. ಶಿಲ್ಪಿಯು ಮಣ್ಣಾದರೂ ಅವನು ಕಡೆದ ವಿಗ್ರಹವು ಬೇಲೂರಿನಲ್ಲಿಯೋ ಹಳೇಬೀಡಿನಲ್ಲಿಯೋ ನಿಂತು ನೋಡುವವರ ಕಣ್ಣಿಗೆ ಹಬ್ಬವನ್ನುಂಟುಮಾಡುವುದು. ನಟನ ಕೃತಿಯಾದರೋ ತೆರೆ ಬಿದ್ದ ಕ್ಷಣದಲ್ಲಿಯೇ ಲಯವನ್ನೈದುವುದು. ಭರತಮುನಿಯು ವಿಂಗಡಿಸಿದ ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂಬ ನಾಲ್ಕು ಬಗೆಯ ಅಭಿನಯವೂ ನೋಡಿದವರ ನೆನಪಿನಲ್ಲಲ್ಲದೆ ಬೇರೆಲ್ಲಿಯೂ ನಿಲ್ಲದು. ಕನ್ನಡ ನಾಡಿನಲ್ಲಿ ವರದಾಚಾರ್ಯರ ಹೆಸರನ್ನು ಬಲ್ಲವರು ಇಂದಿಗೂ ಬಹುಮಂದಿ ಇದ್ದಾರೆ. ಅವರ ಅಭಿನಯವನ್ನು ಕಂಡ ಕಣ್ಣುಗಳು ಮಾತ್ರ ಮುಚ್ಚಿಹೋಗಿವೆ.

ಇಪ್ಪತ್ತನೆಯ ಶತಮಾನದಲ್ಲಿ ಚಲಚ್ಚಿತ್ರವೂ ಅದರ ಹಿಂದೆಯೇ ದೂರದರ್ಶನವೂ ಬಂದು ಈ ದುರದೃಷ್ಟವನ್ನು ಕೊಂಚಮಟ್ಟಿಗೆ ನೀಗಿಸಿದವು. ಐವತ್ತು ವರ್ಷಗಳಿಗೂ ಮಿಗಿಲಾಗಿ ರಂಗಭೂಮಿಯಲ್ಲಿ ದುಡಿದು, ಮುಪ್ಪಿನಲ್ಲಿ ದೂರದರ್ಶನದ ಮೂಲಕ ಲೋಕಕ್ಕೆಲ್ಲ ಪರಿಚಿತಳಾದ ಪೆಗ್ಗಿ ಆಶ್‌ಕ್ರಾಫ್ಟ್ ಎಂಬ ಆಂಗ್ಲ ನಟಿಯ ಚರಿತ್ರೆಯು ಇದಕ್ಕೊಂದು ನಿದರ್ಶನ. ಆಕೆಯ ಕಡೆಯ ಕೀರ್ತಿಗೆ ಕಾರಣವಾದ ಎರಡು ಪಾತ್ರಗಳೂ ಭರತಖಂಡದ ಕಥೆಗೆ ಸೇರಿದವು; ಅವುಗಳಲ್ಲೊಂದು ಕನ್ನಡ ನೆಲದ ಮೇಲೆಯೇ ಬಹುಮಟ್ಟಿಗೆ ಚಿತ್ರಿತವಾಯಿತು. ಆದಕಾರಣ ಆಕೆಯ ಕಥೆಯು ಕನ್ನಡಿಗರಿಗೆ ತೀರ ಹೊರಗಿನದಲ್ಲ.

ಪೆಗ್ಗಿಯು ಹುಟ್ಟಿದ್ದು ಕ್ರಿ. ಶ. 1907ನೆಯ ಡಿಸೆಂಬರ್ 22ರಂದು, ಲಂಡನ್ ನಗರದ ದಕ್ಷಿಣಕ್ಕಿರುವ ಕ್ರಾಯ್ಡನ್ ಎಂಬ ಊರಿನಲ್ಲಿ. ಈಡಿತ್ ಮಾರ್ಗರೆಟ್ ಎಮಿಲಿ ಎಂಬುದು ಇಟ್ಟ ಹೆಸರು. ಪೆಗ್ಗಿ ಎಂಬುದು ಮಾರ್ಗರೆಟ್ ಎಂಬುದರ ಮುದ್ದಿನ ರೂಪ. ತಂದೆಯು ಮೊದಲನೆಯ ಮಹಾಯುದ್ಧದಲ್ಲಿ ಮಡಿದನು. ತಾಯಿಯು ಹವ್ಯಾಸಕ್ಕಾಗಿ ನಾಟಕವಾಡುತ್ತಿದ್ದವಳು. ಆದರೂ ಮಗಳು ನಾಟಕವನ್ನೇ ವೃತ್ತಿಯಾಗಿ ಹಿಡಿಯುವುದು ಮನೆಯವರಿಗೆ ಒಪ್ಪಿಗೆಯಾಗಿರಲಿಲ್ಲ. ಹೆಣ್ಣುಮಗಳು ರಂಗವನ್ನೇರುವುದೆಂದರೆ ಹಿಂಜರಿಯುವ ಕುಟುಂಬಗಳು ಈ ದೇಶದಲ್ಲಿ ಮಾತ್ರವೇ ಇದ್ದವೆಂದು ತಿಳಿಯಬಾರದು. ಹುಡುಗಿಯ ಹಟವೇ ಗೆದ್ದಿತು. ಹದಿನಾರನೆಯ ವಯಸ್ಸಿನಲ್ಲಿ ಆಕೆಯು ಎಲ್ಸಿ ಫೋಗರ್ಟಿ ಎಂಬ ಅಧ್ಯಾಪಿಕೆಯು ಲಂಡನ್ನಿನಲ್ಲಿ ನಡೆಸುತ್ತಿದ್ದ ನಾಟ್ಯಶಾಲೆಯನ್ನು ಸೇರಿದಳು. ಮುಂದೆ ಮಹಾನಟನೆನಿಸಿದ ಲಾರೆನ್ಸ್ ಒಲಿವಿಯರ್ ಆಕೆಯ ಸಹಪಾಠಿ. ಆ ಶಾಲೆಯಲ್ಲಿ ಉಚ್ಚಾರಣೆಯ ಸೊಬಗಿಗೇ ಮೊದಲ ಮಣೆ. ಇದು ಇಬ್ಬರಿಗೂ ಅಷ್ಟಾಗಿ ರುಚಿಸಲಿಲ್ಲ. ರಷ್ಯಾ ದೇಶದ ಸ್ತಾನಿಸ್ಲಾವ್‌ಸ್ಕಿಯು ತನ್ನ ಕಲಾಜೀವನವನ್ನು ಕುರಿತು ಬರೆದ ಗ್ರಂಥವೇ ಪೆಗ್ಗಿಗೆ ನಿಜವಾದ ಗುರುವಾಯಿತು. ಭಾವವು ಒಳಗೆ ಹುಟ್ಟದೆ ಹೊರಗಿನ ಚೇಷ್ಟೆಯಿಂದ ಪ್ರಯೋಜನವಿಲ್ಲವೆಂಬ ತತ್ತ್ವವನ್ನು ಆಕೆಯು ಅಲ್ಲಿ ಕಂಡಳು. ಸಾತ್ತ್ವಿಕವನ್ನು ಅಭಿನಯದ ಜೀವವೆಂದೆಣಿಸಿದ ಭಾರತೀಯ ಶಾಸ್ತ್ರಕಾರರಿಗೆ ಈ ಮಾತು ಹೊಸದಾಗಿ ತೋರುತ್ತಿರಲಿಲ್ಲ.

1926ರಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ, ಬರ್ಮಿಂಗ್‌ಹ್ಯಾಂ ನಗರದ ನಾಟಕಶಾಲೆಯಲ್ಲಿ ಆಕೆಯು ಮೊದಲ ಬಾರಿಗೆ ವೃತ್ತಿನಟಿಯಾಗಿ ಕಾಣಿಸಿಕೊಂಡಳು. ನಾಲ್ಕು ವರ್ಷಗಳ ಅನಂತರ ನಡೆದ ಸಂಗತಿಯು ಆಕೆಯ ಬಾಳಿನ ದಿಕ್ಕನ್ನು ತಿದ್ದಿದಂತಹುದು. 1930ರ ಮೇ ತಿಂಗಳಲ್ಲಿ ಲಂಡನ್ನಿನ ಸವಾಯ್ ನಾಟಕಶಾಲೆಯಲ್ಲಿ ಶೇಕ್ಸ್‌ಪಿಯರ್ ಮಹಾಕವಿಯ ಒಥೆಲೊ ನಾಟಕವು ಪ್ರಯೋಗಗೊಂಡಿತು. ಬಸವಪ್ಪಶಾಸ್ತ್ರಿಗಳ 'ಶೂರಸೇನ ಚರಿತ್ರೆ'ಯನ್ನು ಓದಿದವರಿಗೆ ಇದರ ಕಥೆಯನ್ನು ವಿವರಿಸಬೇಕಾಗಿಲ್ಲ. ಕಪ್ಪುವರ್ಣದ ಸೇನಾನಿಯೊಬ್ಬನನ್ನು ಬಿಳಿಯ ಕುಲೀನ ಕನ್ಯೆಯು ಪ್ರೀತಿಸಿ ವರಿಸುವುದೂ, ದುರುಳನ ಚಾಡಿಯಿಂದ ಆ ಪ್ರೇಮವು ನಾಶವಾಗುವುದೂ ಅದರ ವಸ್ತು. ಒಥೆಲೊ ಪಾತ್ರವನ್ನು ಮುಖಕ್ಕೆ ಮಸಿ ಹಚ್ಚಿಕೊಂಡ ಬಿಳಿಯ ನಟರು ವಹಿಸುವುದೇ ಅಲ್ಲಿ ರೂಢಿಯಾಗಿದ್ದಿತು. ಈ ಸಲ ಅಮೆರಿಕದ ನೀಗ್ರೋ ಗಾಯಕನೂ ನಟನೂ ಆದ ಪಾಲ್ ರೋಬ್ಸನ್ ಆ ಪಾತ್ರವನ್ನು ಧರಿಸಿದನು. ಆತನ ತಂದೆಯು ಹುಟ್ಟಿನಿಂದ ಗುಲಾಮನಾಗಿದ್ದು, ತಪ್ಪಿಸಿಕೊಂಡು ಸ್ವತಂತ್ರನಾದವನು. ಇಪ್ಪತ್ತೆರಡು ವರ್ಷದ ಪೆಗ್ಗಿಯು ಡೆಸ್ಡಿಮೋನಳಾದಳು.

ನಾಟಕವು ಆಡುತ್ತಿದ್ದಷ್ಟು ಕಾಲವೂ ಆಕೆಗೆ ನಿಂದೆಯ ಕಾಗದಗಳು ಬಂದವು. ಬಿಳಿಯ ಹೆಣ್ಣು ಕಪ್ಪು ಗಂಡಸಿನ ಆಲಿಂಗನದಲ್ಲಿ ನಿಲ್ಲುವುದನ್ನು, ಅದು ನಾಟಕವೆಂದು ತಿಳಿದಿದ್ದರೂ, ಆ ಪತ್ರಲೇಖಕರು ಸಹಿಸಲಾರದೆ ಹೋದರು. ರೋಬ್ಸನ್ನನು ಪ್ರತಿರಾತ್ರಿಯೂ ಜನರ ಕರತಾಡನವನ್ನು ಗಳಿಸುತ್ತಿದ್ದನು. ಆದರೆ ಆ ನಾಟಕಶಾಲೆಗೆ ಹೊಂದಿಕೊಂಡಿದ್ದ ಹೋಟೆಲಿನಲ್ಲಿ ಆತನಿಗೆ ಸ್ವಾಗತವಿರಲಿಲ್ಲ. ರಂಗದ ಮೇಲೆ ವೆನಿಸ್ ನಗರದ ಸೇನಾಧಿಪತಿ, ರಂಗದಿಂದಿಳಿದರೆ ಬಾಗಿಲ ಹೊರಗೆ ನಿಲ್ಲಬೇಕಾದವನು! ಈ ವಿಪರ್ಯಾಸವು ತರುಣಿಯ ಮನಸ್ಸನ್ನು ಕಲಕಿತು. ಅಂದಿನಿಂದ ಆಕೆಯು ಅನ್ಯಾಯವೆಂದು ತೋರಿದುದನ್ನು ಬಹಿರಂಗವಾಗಿ ವಿರೋಧಿಸುವವರ ಪಂಕ್ತಿಯಲ್ಲಿಯೇ ಕಡೆಯವರೆಗೂ ನಿಂತಳು. ನಟಿಗೆ ಲೋಕವ್ಯವಹಾರವೇಕೆಂದು ಕೇಳಿದವರಿಗೆ ಆಕೆಯ ಡೆಸ್ಡಿಮೋನಳೇ ಉತ್ತರ.

ಮುಂದಿನ ವರ್ಷಗಳಲ್ಲಿ ಆಕೆಯ ಕೀರ್ತಿಯು ಶುಕ್ಲಪಕ್ಷದ ಚಂದ್ರನಂತೆ ಬೆಳೆಯಿತು. 1932ರಲ್ಲಿ ಜಾನ್ ಗೀಲ್ಗುಡ್ ಆಕ್ಸ್‌ಫರ್ಡ್ ವಿದ್ಯಾರ್ಥಿಗಳಿಂದ ಆಡಿಸಿದ ರೋಮಿಯೊ-ಜೂಲಿಯೆಟ್ ನಾಟಕದಲ್ಲಿ ಜೂಲಿಯೆಟ್ ಆದಳು. ಅದೇ ವರ್ಷ ಓಲ್ಡ್ ವಿಕ್ ನಾಟಕಶಾಲೆಯನ್ನು ಸೇರಿ ಒಂದೇ ಋತುವಿನಲ್ಲಿ ಹತ್ತು ಪಾತ್ರಗಳನ್ನು ವಹಿಸಿದಳು. ರೋಸಲಿಂಡ್, ಪೋರ್ಷಿಯ, ಇಮೋಜೆನ್, ಮಿರಾಂಡ, ಪರ್ಡಿಟ ಇವರೆಲ್ಲರೂ ಆ ಹತ್ತರಲ್ಲಿ ಸೇರಿದವರು. ಬಡಜನರಿಗೂ ಎಟಕುವ ದರದಲ್ಲಿ ಶ್ರೇಷ್ಠ ನಾಟಕಗಳನ್ನು ತೋರಿಸಬೇಕೆಂಬುದು ಆ ಸಂಸ್ಥೆಯ ಒಡತಿ ಲಿಲಿಯನ್ ಬೇಲಿಸ್ ಎಂಬಾಕೆಯ ವ್ರತವಾಗಿದ್ದುದರಿಂದ ನಟರಿಗೆ ದೊರೆಯುತ್ತಿದ್ದ ಸಂಬಳ ಅಲ್ಪ, ದುಡಿಮೆ ಅಪಾರ. 1935ರಲ್ಲಿ ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ನಡೆದ ರೋಮಿಯೊ-ಜೂಲಿಯೆಟ್ ಇಂದಿಗೂ ಆಂಗ್ಲ ರಂಗಭೂಮಿಯ ಇತಿಹಾಸದಲ್ಲಿ ಉಲ್ಲೇಖ್ಯವಾಗಿದೆ. ಗೀಲ್ಗುಡ್ಡನೂ ಒಲಿವಿಯರನೂ ಕೆಲವು ವಾರಗಳಾದ ಮೇಲೆ ರೋಮಿಯೊ ಮತ್ತು ಮರ್ಕ್ಯೂಶಿಯೊ ಪಾತ್ರಗಳನ್ನು ಅದಲುಬದಲು ಮಾಡಿಕೊಂಡರು. ಒಬ್ಬನದು ಛಂದಸ್ಸಿನ ಮಾಧುರ್ಯ, ಮತ್ತೊಬ್ಬನದು ತಾರುಣ್ಯದ ಆವೇಗ. ರೋಮಿಯೊ ಬದಲಾದರೂ ಜೂಲಿಯೆಟ್ ಒಬ್ಬಳೇ. ಇಬ್ಬರು ಭಿನ್ನಪ್ರಕೃತಿಯ ನಾಯಕರಿಗೂ ಸರಿಹೊಂದಿಕೊಂಡು ಆಕೆಯು ಆ ನಾಟಕದ ನಾಯಿಕೆಯಾಗಿ ನಿಂತಳು.

ಮೂರು ಸಲ ವಿವಾಹವಾದರೂ ಮೂರೂ ವಿಚ್ಛೇದನದಲ್ಲಿ ಮುಗಿದವು; ಮೂರನೆಯ ವಿವಾಹದಿಂದ ಇಬ್ಬರು ಮಕ್ಕಳಾದರು. ಸಂಸಾರಸುಖದಲ್ಲಿ ಜಿಪುಣನಾದ ವಿಧಿಯು ಕಲೆಯಲ್ಲಿ ಮಾತ್ರ ಉದಾರನಾದನು. 1954ರಲ್ಲಿ ಇಬ್ಸೆನ್ನನ ಹೆಡ್ಡಾ ಗಾಬ್ಲರ್ ಪಾತ್ರವನ್ನು ಆಕೆಯು ನಿರ್ವಹಿಸಿದ ಬಗೆಯನ್ನು ಮೆಚ್ಚಿ ನಾರ್ವೆಯ ರಾಜನು ಸುವರ್ಣಪದಕವನ್ನಿತ್ತನು. 1956ರಲ್ಲಿ ಇಂಗ್ಲಂಡಿನ ರಾಣಿಯಿಂದ 'ಡೇಮ್' ಎಂಬ ಬಿರುದು ಬಂದಿತು. 1962ರಲ್ಲಿ ಹುಟ್ಟೂರಾದ ಕ್ರಾಯ್ಡನ್ನಿನಲ್ಲಿ ಕಟ್ಟಿದ ಹೊಸ ನಾಟಕಮಂದಿರಕ್ಕೆ ಆಕೆಯ ಹೆಸರನ್ನೇ ಇಟ್ಟರು.

ಆಕೆಯ ಪ್ರೌಢವಯಸ್ಸಿನ ಮಹತ್ಕಾರ್ಯವೆಂದರೆ ರಾಯಲ್ ಶೇಕ್ಸ್‌ಪಿಯರ್ ಕಂಪೆನಿಯ ಸ್ಥಾಪನೆಗೆ ಹೆಗಲು ಕೊಟ್ಟುದು. ಇಂಗ್ಲಂಡಿನಲ್ಲಿ ನಟರು ಒಂದೊಂದು ನಾಟಕಕ್ಕೆ ಒಂದೊಂದು ಕಡೆ ಸೇರಿ, ಅದು ಮುಗಿದೊಡನೆ ಚದುರಿಹೋಗುತ್ತಿದ್ದರು. ವರ್ಷಾನುಗಟ್ಟಲೆ ಒಟ್ಟಿಗಿದ್ದು, ಒಂದೇ ಮನೆಯವರಂತೆ ಬೆಳೆಯುವ ತಂಡವೊಂದು ಬೇಕೆಂಬುದು ಪೆಗ್ಗಿಯ ಬಹುದಿನದ ಆಸೆಯಾಗಿದ್ದಿತು. 1960ರ ಸುಮಾರಿಗೆ ಇಪ್ಪತ್ತೊಂಬತ್ತು ವರ್ಷದ ಪೀಟರ್ ಹಾಲ್ ಎಂಬ ನಿರ್ದೇಶಕನು ಅಂತಹ ತಂಡವನ್ನು ಕಟ್ಟಲು ಹೊರಟಾಗ, ಐವತ್ತು ದಾಟಿದ ಈ ಪ್ರಖ್ಯಾತ ನಟಿಯು ಹಿಂದುಮುಂದು ನೋಡದೆ ಆತನೊಡನೆ ನಿಂತಳು. ಆಕೆಯಂಥವಳೇ ಒಪ್ಪಿದ ಮೇಲೆ ಇತರರಿಗೆ ಧೈರ್ಯ ಬಂದಿತು. 1961ರಲ್ಲಿ ಅದೇ ಒಥೆಲೊ ನಾಟಕದಲ್ಲಿ ಆಕೆಯು ಡೆಸ್ಡಿಮೋನಳ ಸಖಿಯಾದ ಎಮಿಲಿಯಳ ಪಾತ್ರವನ್ನು ವಹಿಸಿದಳು. ಈ ಸಲ ಒಥೆಲೊ ಆದವನು ಬಿಳಿಯನಾದ ಗೀಲ್ಗುಡ್.

1963ರಲ್ಲಿ ಸ್ಟ್ರಾಟ್‌ಫರ್ಡಿನಲ್ಲಿ ಶೇಕ್ಸ್‌ಪಿಯರನ ನಾಲ್ಕು ಐತಿಹಾಸಿಕ ನಾಟಕಗಳನ್ನು ಮೂರಾಗಿ ಸಂಗ್ರಹಿಸಿ 'ಗುಲಾಬಿಗಳ ಯುದ್ಧ' ಎಂಬ ಹೆಸರಿನಿಂದ ಆಡಿದರು. ಅದರಲ್ಲಿ ರಾಣಿ ಮಾರ್ಗರೆಟ್ ಪೆಗ್ಗಿಯ ಪಾತ್ರ. ಮೊದಲ ನಾಟಕದಲ್ಲಿ ಆಕೆ ಫ್ರಾನ್ಸಿನಿಂದ ಬರುವ ನವವಧು; ಮಧ್ಯದಲ್ಲಿ ಕತ್ತಿ ಹಿಡಿದು ಸೈನ್ಯವನ್ನು ನಡೆಸುವ ಕ್ರೂರ ರಾಣಿ; ಕಡೆಯಲ್ಲಿ ಗಂಡನನ್ನೂ ಮಗನನ್ನೂ ರಾಜ್ಯವನ್ನೂ ಕಳೆದುಕೊಂಡು ಶಪಿಸುತ್ತ ಅಲೆಯುವ ಮುದುಕಿ. ಐವತ್ತೈದು ವರ್ಷದ ಹೆಂಗಸು ಹದಿಹರೆಯದಿಂದ ಮುಪ್ಪಿನವರೆಗೆ ಒಂದು ಇಡೀ ಬಾಳನ್ನು ಪ್ರೇಕ್ಷಕರ ಕಣ್ಣೆದುರಿಗೆ ಬಾಳಿದಳು. ಶತ್ರುವಿನ ಕೈಗೆ ಆತನ ಮಗನ ರಕ್ತದಲ್ಲಿ ಅದ್ದಿದ ವಸ್ತ್ರವನ್ನು ಕೊಟ್ಟು ಅಣಕಿಸುವ ಸಂದರ್ಭದಲ್ಲಿಯೂ ಆ ರಾಣಿಯು ಕೇವಲ ರಾಕ್ಷಸಿಯಾಗಿ ತೋರದಂತೆ ಕಾಪಾಡಿಕೊಂಡುದೇ ಆಕೆಯ ಹಿರಿಮೆ. 1965ರಲ್ಲಿ ಬಿ. ಬಿ. ಸಿ. ಸಂಸ್ಥೆಯವರು ಈ ನಾಟಕಗಳನ್ನು ದೂರದರ್ಶನದಲ್ಲಿ ಪ್ರಸಾರಮಾಡಿದರು. ಆಕೆಯ ರಂಗಾಭಿನಯದ ಬಹುಭಾಗವು ಗಾಳಿಯಲ್ಲಿ ಲೀನವಾದರೂ ಈ ಒಂದು ಪಾತ್ರವು ಹೀಗೆ ಉಳಿದುಕೊಂಡಿತು.

ದೂರದರ್ಶನವನ್ನು ಕೀಳೆಂದು ಭಾವಿಸುವ ರಂಗನಟರು ಎಲ್ಲ ದೇಶಗಳಲ್ಲಿಯೂ ಉಂಟು. ಪೆಗ್ಗಿಯು ಹಾಗೆಣಿಸಲಿಲ್ಲ. ರಂಗದ ಮೇಲೆ ಕಡೆಯ ಸಾಲಿನವನಿಗೂ ಮುಟ್ಟುವಂತೆ ದನಿಯನ್ನೂ ಅಂಗವನ್ನೂ ಹಿಗ್ಗಿಸಬೇಕು. ದೂರದರ್ಶನದ ಯಂತ್ರವಾದರೋ ಕಣ್ಣಿನ ರೆಪ್ಪೆಯ ಚಲನೆಯನ್ನೂ ಹಿಡಿಯುವುದು. ಐವತ್ತು ವರ್ಷ ಹಿಗ್ಗಿಸಿ ಅಭ್ಯಾಸವಾದ ಕಲೆಯನ್ನು ಎಪ್ಪತ್ತರ ಪ್ರಾಯದಲ್ಲಿ ಕುಗ್ಗಿಸಲು ಕಲಿಯುವುದು ಸುಲಭವಲ್ಲ. ಆಕೆ ಕಲಿತಳು. 1980ರಲ್ಲಿ ಪ್ರಸಾರವಾದ ಎರಡು ದೂರದರ್ಶನ ನಾಟಕಗಳಿಗಾಗಿ ಬ್ರಿಟಿಷ್ ಅಕಾಡೆಮಿಯ ಪ್ರಶಸ್ತಿಯು ಆಕೆಗೆ ಸಂದಿತು.

ಅನಂತರ ಬಂದುದು ಭರತಖಂಡದ ಕರೆ. ಪಾಲ್ ಸ್ಕಾಟ್ ಎಂಬ ಕಾದಂಬರಿಕಾರನು ಆಂಗ್ಲರ ಆಳ್ವಿಕೆಯ ಕಡೆಯ ಐದು ವರ್ಷಗಳನ್ನು ನಾಲ್ಕು ಸಂಪುಟಗಳಲ್ಲಿ ಚಿತ್ರಿಸಿದ್ದನು. ಗ್ರನಾಡ ಸಂಸ್ಥೆಯವರು ಅದನ್ನು 'ದಿ ಜ್ಯುವೆಲ್ ಇನ್ ದಿ ಕ್ರೌನ್' ಎಂಬ ಹೆಸರಿನಿಂದ ಹದಿನಾಲ್ಕು ಕಂತುಗಳ ಧಾರಾವಾಹಿಯಾಗಿ ಮಾಡಿ 1984ರಲ್ಲಿ ಪ್ರಸಾರಮಾಡಿದರು. ಅದರಲ್ಲಿ ಬಾರ್ಬಿ ಬ್ಯಾಚೆಲರ್ ಎಂಬ ನಿವೃತ್ತ ಮಿಷನ್ ಉಪಾಧ್ಯಾಯಿನಿಯ ಪಾತ್ರ ಪೆಗ್ಗಿಯದು. ಬಾಳೆಲ್ಲ ಮಕ್ಕಳಿಗೆ ಪಾಠ ಹೇಳಿದ ಈ ಅವಿವಾಹಿತೆಗೆ ಕಡೆಗೆ ಸ್ವಂತ ಮನೆಯಿಲ್ಲ, ನೆಂಟರಿಲ್ಲ. ಗಿರಿಧಾಮವೊಂದರಲ್ಲಿ ಆಶ್ರಯವಿತ್ತ ಹಿರಿಯ ಗೆಳತಿಯು ತೀರಿಕೊಂಡೊಡನೆ, ಬಾರ್ಬಿಯದು ತಮಗಿಂತ ಕೆಳಗಿನ ವರ್ಗವೆಂದು ತಿಳಿದ ಬಿಳಿಯರೇ ಆಕೆಯನ್ನು ಹೊರಡಿಸುತ್ತಾರೆ. ತನ್ನ ಸೇವೆಯ ಸಾಕ್ಷಿಯಾದ ಹಳೆಯ ಪೆಟ್ಟಿಗೆಯೊಂದನ್ನು ಟಾಂಗಾದಲ್ಲಿ ಹೇರಿಕೊಂಡು ಇಳಿಯುವಾಗ ಗಾಡಿ ಉರುಳುತ್ತದೆ. ಸದಾ ಮಾತನಾಡುತ್ತಿದ್ದ ಮುದುಕಿಯು ಮಾತನ್ನೇ ಕಳೆದುಕೊಂಡು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುತ್ತಾಳೆ. ವಾಚಿಕದಲ್ಲಿ ಅಪ್ರತಿಮಳೆನಿಸಿದ್ದ ನಟಿಯು ಮೌನದಲ್ಲಿ ಗೆದ್ದ ಪಾತ್ರವಿದು. ಅಧಿಕಾರವಿರುವವರ ನಡುವೆ ಅಧಿಕಾರವಿಲ್ಲದವರ ಗತಿಯೇನೆಂಬುದನ್ನು ಆ ಮುಖವೊಂದೇ ಹೇಳಿತು.

ಅದೇ ಹೊತ್ತಿಗೆ ಡೇವಿಡ್ ಲೀನ್ ಎಂಬ ನಿರ್ದೇಶಕನು ಇ. ಎಂ. ಫಾರ್ಸ್ಟರನ 'ಎ ಪ್ಯಾಸೇಜ್ ಟು ಇಂಡಿಯ' ಕಾದಂಬರಿಯನ್ನು ಚಲಚ್ಚಿತ್ರಕ್ಕೆ ಅಳವಡಿಸುತ್ತಿದ್ದನು. ಬೆನೆಗಲ್ ರಾಮರಾಯರ ಮಗಳಾದ ಸಾಂತಾ ರಾಮರಾವ್ ಅದಾಗಲೇ ಅದನ್ನು ನಾಟಕವಾಗಿ ರಚಿಸಿದ್ದರು. ಆ ನಾಟಕವೂ ಚಿತ್ರಕ್ಕೆ ಆಧಾರವಾಯಿತು. ತನಗೆ ಎಪ್ಪತ್ತೈದಾಯಿತೆಂದು ಪೆಗ್ಗಿಯು ಹಿಂಜರಿದಾಗ ತನಗೂ ಅಷ್ಟೇ ವಯಸ್ಸೆಂದು ಲೀನನು ಉತ್ತರಿಸಿದನಂತೆ. ಚಿತ್ರದ ಚಂದ್ರಪುರವೆಂಬ ಕಲ್ಪಿತ ಪಟ್ಟಣವನ್ನು ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಕಟ್ಟಿದರು. ಮರಬಾರ್ ಗುಹೆಗಳಿಗೆ ಸಾವನದುರ್ಗ, ರಾಮನಗರಗಳ ಬಂಡೆಗಳು ಎರವಾದವು. ಗಂಗಾತೀರದ ಕಥೆಗೆ ಕೆಂಪೇಗೌಡನ ಸೀಮೆಯು ಹೀಗೆ ಹಿನ್ನೆಲೆಯಾಯಿತು.

ಆ ಚಿತ್ರದಲ್ಲಿ ಪೆಗ್ಗಿಯು ಮಿಸೆಸ್ ಮೂರ್. ಬೆಳದಿಂಗಳ ಇರುಳಿನಲ್ಲಿ ಮಸೀದಿಯೊಂದಕ್ಕೆ ಬಂದ ಈ ಆಂಗ್ಲ ವೃದ್ಧೆಯನ್ನು ಕಂಡು, ಪಾದರಕ್ಷೆಯನ್ನು ಕಳಚದೆ ಒಳಹೊಕ್ಕಳೆಂದು ಡಾಕ್ಟರ್ ಅಜೀಜನು ಸಿಡುಕುತ್ತಾನೆ. ಆಕೆಯಾದರೋ ಮೊದಲೇ ಕಳಚಿಟ್ಟು ಬಂದಿದ್ದಾಳೆ. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಇಲ್ಲದ ಗೌರವವು ಆ ಒಂದು ನಡವಳಿಕೆಯಲ್ಲಿ ಕಾಣಿಸುತ್ತದೆ. ಮುಂದೆ ಅಜೀಜನ ಮೇಲೆ ಸುಳ್ಳು ಅಪವಾದ ಬಂದಾಗ ಅವನು ನಿರಪರಾಧಿಯೆಂದು ತಿಳಿದಿದ್ದೂ ಆಕೆಯು ಸಾಕ್ಷ್ಯ ನುಡಿಯದೆ ಹಡಗನ್ನೇರಿ, ದಾರಿಯಲ್ಲಿ ಸಾಯುತ್ತಾಳೆ. ಒಳ್ಳೆಯ ಮನಸ್ಸೊಂದಿದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಮಾತು ಹೊರಡಬೇಕೆಂಬ ಕಹಿಸತ್ಯವನ್ನೂ ಈ ಪಾತ್ರವು ಒಳಗೊಂಡಿದೆ. ಪೆಗ್ಗಿಯು ಆಕೆಯನ್ನು ದೇವತೆಯನ್ನಾಗಿ ಮಾಡದೆ, ದಣಿದ, ಸಿಡುಕಿನ, ನಂಬಿಕೆ ಅಲುಗಿದ ಮುದುಕಿಯಾಗಿಯೇ ತೋರಿಸಿದಳು. 1985ರಲ್ಲಿ ಅಮೆರಿಕದ ಆಸ್ಕರ್ ಪ್ರಶಸ್ತಿಯು ಪೋಷಕನಟಿಯ ವರ್ಗದಲ್ಲಿ ಆಕೆಗೆ ಬಂದಿತು. ವಯಸ್ಸು ಎಪ್ಪತ್ತೇಳು. ಸಭೆಗೆ ಹೋಗಲಾಗದೆ ಇನ್ನೊಬ್ಬ ನಟಿಯ ಕೈಯಿಂದ ಅದನ್ನು ಸ್ವೀಕರಿಸಬೇಕಾಯಿತು.

1982ರಲ್ಲಿಯೇ ರಂಗದಿಂದ ವಿರಮಿಸಿದ್ದರೂ ದೂರದರ್ಶನದ ದುಡಿಮೆಯು ನಿಲ್ಲಲಿಲ್ಲ. 1989ರಲ್ಲಿ ಬಿ. ಬಿ. ಸಿ.ಗಾಗಿ ಪೀಟರ್ ಹಾಲ್ ನಿರ್ದೇಶಿಸಿದ ಚಿತ್ರವೊಂದರಲ್ಲಿ, ತಾರುಣ್ಯದಲ್ಲಿ ಮನೆಯವರು ಹುಚ್ಚಾಸ್ಪತ್ರೆಗೆ ತಳ್ಳಿದ್ದರಿಂದ ಬಾಳೆಲ್ಲ ಅಲ್ಲಿಯೇ ಕಳೆದ ವೃದ್ಧೆಯಾಗಿ ಅಭಿನಯಿಸಿ, ವೆನಿಸ್ ಚಿತ್ರೋತ್ಸವದ ಪ್ರಶಸ್ತಿಯನ್ನು ಸಹನಟಿಯೊಡನೆ ಹಂಚಿಕೊಂಡಳು. 1991ನೆಯ ಜೂನ್ 14ರಂದು ಎಂಬತ್ತಮೂರನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ದೇಹವಿಟ್ಟಳು.

ರೋಬ್ಸನ್ನನ ಪಕ್ಕದಲ್ಲಿ ನಿಂತ ಡೆಸ್ಡಿಮೋನಳನ್ನು ಕಂಡವರು ಇಂದು ಇಲ್ಲ. ಒಲಿವಿಯರನ ರೋಮಿಯೊವಿಗೆ ಉತ್ತರವಿತ್ತ ಜೂಲಿಯೆಟ್ಟಳ ದನಿಯೂ ಅಡಗಿತು. ಮಸೀದಿಯ ಬಾಗಿಲಲ್ಲಿ ಪಾದರಕ್ಷೆಯನ್ನು ಕಳಚಿಟ್ಟು ಒಳಗೆ ಹೋದ ಮುದುಕಿಯು ಮಾತ್ರ ಚಿತ್ರದಲ್ಲಿ ಉಳಿದಿದ್ದಾಳೆ. ಆದರೆ ನೋಡಬಲ್ಲವರಿಗೆ ಆ ಮುದುಕಿಯಲ್ಲಿಯೇ ಹಿಂದಿನ ತರುಣಿಯೂ ಕಾಣುವಳು. ನಿಂದೆಯ ಕಾಗದಗಳಿಗೆ ಬೆದರದೆ ಪ್ರತಿರಾತ್ರಿಯೂ ಕಪ್ಪುವರ್ಣದ ಸಹನಟನ ಕೈ ಹಿಡಿದು ರಂಗಕ್ಕೆ ಬಂದ ಇಪ್ಪತ್ತೆರಡರ ಹುಡುಗಿಯು ಕಲಿತ ಪಾಠವೇ ಎಪ್ಪತ್ತಾರರ ವೃದ್ಧೆಯ ಮುಖದಲ್ಲಿ ಪಕ್ವವಾಗಿದೆ. ನಟನ ಕೃತಿಯು ತೆರೆಯೊಡನೆ ಅಳಿಯುವುದೆಂಬ ಮಾತು ನಿಜವೇ. ನಟನು ಬಾಳಿದ ಬಾಳು ಆತನ ಕಡೆಯ ಪಾತ್ರದವರೆಗೂ ಜೊತೆಗೆ ಬರುವುದೆಂಬುದೂ ಅಷ್ಟೇ ನಿಜ.