ಚಕ್ರದ ಮೇಲಿನ ಮನೆ: ನಿವೃತ್ತಿಗೆ ಮುಂಚೆಯೋ, ಆಮೇಲೋ?

"ರಿಟೈರ್ ಆದ ಮೇಲೆ ಏನು ಮಾಡ್ತೀರಿ?" ಅಂತ ಈಚೆಗೆ ಯಾರು ಕೇಳಿದರೂ ನನ್ನದು ಒಂದೇ ಉತ್ತರ. ಒಂದು ವ್ಯಾನು ತಗೊಂಡು, ಅದರಲ್ಲೇ ಹಾಸಿಗೆ, ಒಲೆ, ನೀರಿನ ಟ್ಯಾಂಕು, ಪುಟ್ಟದೊಂದು ಕಕ್ಕಸು ಎಲ್ಲ ಮಾಡಿಸಿ, ನಾನೂ ನನ್ನಾಕೆಯೂ ದೇಶ ತಿರುಗುವುದು. ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಗಂಭೀರವಾಗಿ ಎರಡು ಪಕ್ಷ ಆಗುತ್ತಾರೆ. "ಪಿಎಫ್, ಗ್ರಾಚ್ಯುಟಿ ಕೈಗೆ ಬರಲಿ, ಆಮೇಲೆ ತಗೋ" ಅನ್ನುವವರು ಒಂದು ಕಡೆ. "ಸಂಬಳ ಬರುತ್ತಿರುವಾಗಲೇ ತಗೊಂಡುಬಿಡು" ಅನ್ನುವವರು ಇನ್ನೊಂದು ಕಡೆ. ಅರವತ್ತಕ್ಕೆ ನನಗಿನ್ನು ಮೂರು ವರ್ಷ. ಬ್ಯಾಂಕಿನವನಾದ್ದರಿಂದ ಕೂಡಿಸಿ ಕಳೆಯುವುದು ಹುಟ್ಟುಗುಣ. ಆದರೆ ಈ ಲೆಕ್ಕ ಕ್ಯಾಲ್ಕುಲೇಟರಿನಿಂದ ಬಗೆಹರಿಯಲಿಲ್ಲ. ಚಕ್ರದ ಮೇಲೆ ಬಾಳು ಕಟ್ಟಿದವರು ಹಿಂದೆ ಏನು ಮಾಡಿದರು ಅಂತ ಓದಲು ಕೂತೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಗದಗದ ಕಡೆಯವರಿಗೆ ಲಮಾಣಿ ತಾಂಡಾಗಳು ಹೊಸದಲ್ಲ. ಇವತ್ತು ತಾಂಡಾ ಅಂದರೆ ಊರ ಹೊರಗಿನ ಒಂದು ಕೇರಿ ಅಂದುಕೊಳ್ಳುತ್ತೇವೆ. ಆದರೆ ಮೂಲದಲ್ಲಿ ಅದು ನಡೆಯುವ ಊರು. ನೂರಾರು ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ಸಂಸಾರ ಸಮೇತ ಹೊರಡುತ್ತಿದ್ದ ಜನ. ಮೊಘಲರ ದಂಡಿಗೂ ಧಾನ್ಯ ಮುಟ್ಟಿಸಿದವರು ಇವರೇ. 1791ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಮುಟ್ಟಿಸಿದವರೂ ಇವರೇ. ಇಂಥವರೂ ವರ್ಷಪೂರ್ತಿ ನಡೆಯುತ್ತಿರಲಿಲ್ಲ, ಗಮನಿಸಿ. ಮಳೆಗಾಲ ಬಂತೆಂದರೆ ಹುಲ್ಲು ನೀರು ಇರುವ ಕಡೆ ಬೀಡುಬಿಟ್ಟು ಎತ್ತುಗಳಿಗೆ ವಿಶ್ರಾಂತಿ. ಅಂದರೆ ಯಾವಾಗ ಹೊರಡಬೇಕು, ಯಾವಾಗ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುತ್ತಿದ್ದದ್ದು ಮಳೆ.

ಆಮೇಲೆ ರೈಲು ಬಂತು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ, 1854ರ ಮೇ 1ರಂದು ನಮ್ಮ ಕಲ್ಯಾಣಕ್ಕೆ. ನಾನು ಮೂವತ್ತು ವರ್ಷದಿಂದ ಹತ್ತಿ ಇಳಿಯುತ್ತಿರುವ ಶಹಾಡ್ ಸ್ಟೇಷನ್ನು ಕಲ್ಯಾಣ ದಾಟಿದರೆ ಕಸಾರಾ ದಾರಿಯಲ್ಲಿ ಮೊದಲನೆಯದು. ಇದೇ ದಾರಿ 1865ರಲ್ಲಿ ಥಳ್ ಘಾಟ್ ಹತ್ತಿ ಇಗತಪುರಿ ಮುಟ್ಟಿತು. ರೈಲೂ ಹೊಸ ರಸ್ತೆಗಳೂ ಬಂದ ಮೇಲೆ ಉಪ್ಪು ಹೊರಲು ಎತ್ತು ಯಾರಿಗೆ ಬೇಕು? ಲಮಾಣಿಗಳ ಕಸುಬು ಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು 1871ರ ಕಾಯಿದೆ. ಅನೇಕ ಅಲೆಮಾರಿ ಸಮುದಾಯಗಳನ್ನು ಬ್ರಿಟಿಷ್ ಸರ್ಕಾರ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿ, ಪೊಲೀಸ್ ಹಾಜರಿ ಹಾಕಿತು. ಸರ್ಕಾರದ ಕಣ್ಣಿಗೆ ವಿಳಾಸವಿಲ್ಲದವನು ಕಳ್ಳ! ಆ ಕಾಯಿದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ.

ನಿಜವಾದ ಅರ್ಥದಲ್ಲಿ ಚಕ್ರದ ಮೇಲೆ ಮನೆ ಮಾಡಿದವರು ರಾಜಸ್ಥಾನದ ಗಾಡಿಯಾ ಲೋಹಾರರು. 1568ರಲ್ಲಿ ಚಿತ್ತೋಡ ಅಕ್ಬರನ ವಶವಾದಾಗ, ಕೋಟೆ ಮರಳಿ ಸಿಗುವ ತನಕ ಸೂರಿನ ಕೆಳಗೆ ಮಲಗುವುದಿಲ್ಲ ಅಂತ ಹಿರಿಯರು ಪಣ ತೊಟ್ಟರು ಅನ್ನುವುದು ಅವರ ನಂಬಿಕೆ. ಅಂದಿನಿಂದ ಎತ್ತಿನ ಗಾಡಿಯೇ ಮನೆ, ಗಾಡಿಯ ಪಕ್ಕವೇ ಕುಲುಮೆ. 1955ರ ಏಪ್ರಿಲ್‌ನಲ್ಲಿ ನೆಹರೂ ಖುದ್ದಾಗಿ ಅವರನ್ನು ಚಿತ್ತೋಡದ ಕೋಟೆಯೊಳಕ್ಕೆ ಕರೆದುಕೊಂಡು ಹೋದರು. ಪಣವೇನೋ ತೀರಿತು. ಆದರೂ ಎಷ್ಟೋ ಕುಟುಂಬಗಳು ಗಾಡಿ ಬಿಡಲಿಲ್ಲ. ಕೋಟೆ ಸಿಕ್ಕಿತು, ಕೋಟೆಯಲ್ಲಿ ಕೆಲಸ ಎಲ್ಲಿತ್ತು?

ನಮ್ಮ ಕರ್ನಾಟಕದಲ್ಲಿ 2023ರ ಜನವರಿ 19ರಂದು ಮಳಖೇಡದಲ್ಲಿ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಲ್ಲಿ, ನಡೆಯುವ ಊರಿನವರ ಮೊಮ್ಮಕ್ಕಳಿಗೆ ನಿಂತ ಮನೆಯ ಕಾಗದ! ಸುದ್ದಿ ಓದಿದ ದಿನ ನನಗೆ ಹೊಳೆದದ್ದು ಇಷ್ಟು: ತಲೆಮಾರುಗಟ್ಟಲೆ ತಿರುಗಿದವರು ಕೊನೆಗೆ ಕೇಳಿದ್ದು ಒಂದು ವಿಳಾಸವನ್ನು. ನಾನು ಇರುವ ವಿಳಾಸ ಬಿಟ್ಟು ತಿರುಗಲು ಹೊರಟಿದ್ದೇನೆ.

ಈಗ ಅಮೆರಿಕಕ್ಕೆ ಬರೋಣ, ಮೋಟಾರ್‌ಹೋಮ್ ಬೆಳೆದದ್ದು ಅಲ್ಲೇ ತಾನೆ. 1915ರಲ್ಲಿ ರೋಲಂಡ್ ಕಾಂಕ್ಲಿನ್ ಎಂಬ ಶ್ರೀಮಂತ ಒಂದು ಬಸ್ಸನ್ನೇ ಮನೆ ಮಾಡಿಸಿಕೊಂಡು ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಸಂಸಾರ ಹೂಡಿಕೊಂಡು ಹೋದ. 1966ರಲ್ಲಿ ವಿನ್ನೆಬೇಗೊ ಕಂಪನಿ ಕಾರಿನ ಹಾಗೆ ಸಾಲಾಗಿ ಮೋಟಾರ್‌ಹೋಮ್ ತಯಾರಿಸಲು ಶುರುಮಾಡಿದ ಮೇಲೆ ಅದು ಪಿಂಚಣಿದಾರರ ಕೈಗೂ ಎಟುಕಿತು. 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ದಂಪತಿ ಇಂಥ ತಿರುಗಾಡಿಗಳಿಗಾಗಿ ಎಸ್ಕೇಪೀಸ್ ಅನ್ನುವ ಸಂಘ ಕಟ್ಟಿದರು. ಆ ಸಂಘ ಹೆಸರಾದದ್ದು ಯಾವುದಕ್ಕೆ ಗೊತ್ತೆ? ಟೆಕ್ಸಾಸಿನ ಲಿವಿಂಗ್‌ಸ್ಟನ್ ಎಂಬ ಊರಲ್ಲಿ ಸದಸ್ಯರ ಟಪಾಲನ್ನು ಪಡೆದು, ಅವರು ಎಲ್ಲಿದ್ದರೆ ಅಲ್ಲಿಗೆ ಕಳಿಸುವ ವ್ಯವಸ್ಥೆಗೆ. ಅಲ್ಲೂ ವಿಳಾಸದ್ದೇ ತಾಪತ್ರಯ! ಗಾಡಿ ಓಡಿಸಲಾಗದಷ್ಟು ವಯಸ್ಸಾದ ಸದಸ್ಯರು ತಮ್ಮ ಗಾಡಿಯನ್ನು ನಿಲ್ಲಿಸಿಕೊಂಡು ಆರೈಕೆ ಪಡೆಯಲು ಅದೇ ಊರಲ್ಲಿ ಒಂದು ಕೇಂದ್ರವೂ ಇದೆ. ಹೊರಡುವ ದಿನ ಎಲ್ಲರೂ ಯೋಚಿಸುತ್ತಾರೆ, ಅವರು ನಿಲ್ಲುವ ದಿನವನ್ನೂ ಯೋಚಿಸಿದ್ದಾರೆ.

ನಮ್ಮ ದೇಶದ ಅತ್ಯಂತ ಪ್ರಸಿದ್ಧ ಮೋಟಾರ್‌ಹೋಮ್ ನನ್ನ ಪ್ರಕಾರ ಎನ್‌ಟಿಆರ್ ಅವರ ಚೈತನ್ಯ ರಥ. 1982ರಲ್ಲಿ ತೆಲುಗುದೇಶಂ ಕಟ್ಟಿದ ಮೇಲೆ ಹಳೆಯ ಷೆವ್ರೊಲೆ ವ್ಯಾನನ್ನು ಮಾರ್ಪಡಿಸಿ, ಮಗ ಹರಿಕೃಷ್ಣ ಅವರ ಸಾರಥ್ಯದಲ್ಲಿ ಇಡೀ ಆಂಧ್ರ ಸುತ್ತಿದರು. 1983ರ ಜನವರಿ 9ರಂದು ಮುಖ್ಯಮಂತ್ರಿಯಾದರು. ಆಗ ಅವರಿಗೆ 59. ಅರವತ್ತು ತುಂಬಲಿ ಅಂತ ಕಾಯಲಿಲ್ಲ ನೋಡಿ!

ಸರಿ, ಹಾಗಾದರೆ ನಮ್ಮ ಹಿರಿಯರು ಯಾಕೆ ಇಂಥದ್ದನ್ನು ಯೋಚಿಸಲಿಲ್ಲ? ದುಡ್ಡಿರಲಿಲ್ಲ ಅನ್ನುವುದು ಅರ್ಧ ಸತ್ಯ. ದುಡ್ಡಿದ್ದವರಿಗೂ ಗಾಡಿ ಸಿಗುತ್ತಿರಲಿಲ್ಲ. ಲೈಸೆನ್ಸ್ ರಾಜ್ಯದಲ್ಲಿ ಬಜಾಜ್ ಸ್ಕೂಟರ್ ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕು. ಇಲ್ಲೇ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಗೂ ಸರದಿ. 1983ರಲ್ಲಿ ಮಾರುತಿ ಬಂದಾಗ 10 ಸಾವಿರ ರೂಪಾಯಿ ಕಟ್ಟಿ ಲಕ್ಷಕ್ಕೂ ಹೆಚ್ಚು ಜನ ಸರದಿಯಲ್ಲಿ ನಿಂತರು. ಉದಾರೀಕರಣ ಬಂದ ಮೇಲೂ ನಮ್ಮ ಕಲ್ಯಾಣ-ಡೊಂಬಿವಲಿ ಮಗ್ಗುಲಲ್ಲೇ ಪಾಲ್-ಪೂಜೋ ಕಾರ್ಖಾನೆ ಶುರುವಾಗಿ, ಕಾರ್ಮಿಕ ತಂಟೆಯಲ್ಲಿ ಸಿಕ್ಕಿ, ಕೆಲವೇ ವರ್ಷಕ್ಕೆ ನಿಂತಿತು. ಒಟ್ಟಿನಲ್ಲಿ "ಯಾವಾಗ ಕೊಳ್ಳಲಿ?" ಅನ್ನುವ ಪ್ರಶ್ನೆಯೇ ಆಗ ಇರಲಿಲ್ಲ. ಲಮಾಣಿಗಳಿಗೆ ಮಳೆ ಹೇಳುತ್ತಿತ್ತು, ನಮ್ಮ ತಂದೆಯವರ ಕಾಲಕ್ಕೆ ಅಲಾಟ್‌ಮೆಂಟ್ ಚೀಟಿ ಹೇಳುತ್ತಿತ್ತು. ಆ ಪ್ರಶ್ನೆ ಸ್ವತಃ ಕೇಳಿಕೊಳ್ಳುವ ಸ್ವಾತಂತ್ರ್ಯ ಬಂದದ್ದು ನಮ್ಮ ಪೀಳಿಗೆಗೆ.

ಪೂರ್ತಿ ಸ್ವಾತಂತ್ರ್ಯ ಅನ್ನುವ ಹಾಗೂ ಇಲ್ಲ, ಬಿಡಿ. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರಿಂದ 2020ರ ಏಪ್ರಿಲ್ 1ರಿಂದ ಬಿಎಸ್-4 ಗಾಡಿಗಳ ಮಾರಾಟ ಬಂದ್ ಆಯಿತು. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯುವ ಮುಂಚೆ ಎಷ್ಟೋ ಜನ ಖರೀದಿ ಮುಂದೂಡಿದರು. ಬಿಲ್ಲಿನ ತಾರೀಖೇ ದುಡ್ಡು ಅನ್ನುವುದನ್ನು ಬ್ಯಾಂಕಿನವನಿಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ನನ್ನಂಥವರ ಲೆಕ್ಕಕ್ಕೆ ಬರುತ್ತೇನೆ. ಒಂದು, ಚಾಲನಾ ಲೈಸೆನ್ಸು. 2019ರ ತಿದ್ದುಪಡಿಯ ಪ್ರಕಾರ 50 ದಾಟಿ 55ರೊಳಗೆ ಲೈಸೆನ್ಸು ನವೀಕರಿಸಿದವರಿಗೆ ಅದು 60ರ ತನಕ, 55ರ ಮೇಲೆ ಬರೀ ಐದೈದು ವರ್ಷ, ವೈದ್ಯರ ಪ್ರಮಾಣಪತ್ರದೊಂದಿಗೆ. ಅಂದರೆ ಕಾನೂನು ನನ್ನ ಮುಂದಿನ ದಾರಿಯನ್ನು ಐದು ವರ್ಷದ ಕಂತುಗಳಲ್ಲಿ ಮಾತ್ರ ಕೊಡುತ್ತದೆ. ಎರಡು, ಗಾಡಿಯ ನೋಂದಣಿ 15 ವರ್ಷಕ್ಕೆ. 58ಕ್ಕೆ ಕೊಂಡರೆ 73ರ ತನಕ, ಮೊಣಕಾಲು ಅಷ್ಟು ದಿನ ಒಪ್ಪಿದರೆ! ಮೂರು, ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಹೊಸ ನಂಬರು ಪಡೆಯಬೇಕು. ಇದಕ್ಕೆ ಪರಿಹಾರವಾಗಿ 2021ರ ಸೆಪ್ಟೆಂಬರ್ 15ರಿಂದ ಬಿಎಚ್ ಸರಣಿ ಬಂದಿದೆ. ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಸಂಸ್ಥೆಗಳ ನೌಕರರಿಗೆ ಅದು ಸಿಗುತ್ತದೆ. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು. ಆದರೆ ಅರ್ಜಿ ಹಾಕಲು ನೌಕರಿಯಲ್ಲಿರಬೇಕು. ನಾಲ್ಕು, ಸ್ಟಾಫ್ ವಾಹನ ಸಾಲದ ಸರಳ ಬಡ್ಡಿ. ನಿವೃತ್ತಿಯ ಮರುದಿನ ನಾವೂ ಕೌಂಟರಿನ ಆಚೆ ಕಡೆಯ ಗಿರಾಕಿಗಳೇ. ಐದು, ಇದ್ದ ವ್ಯಾನನ್ನು ಗ್ಯಾರೇಜಿನಲ್ಲಿ ಕೊಯ್ದು ಮನೆ ಮಾಡಿಸುವಂತಿಲ್ಲ. ಆರ್‌ಸಿಯಲ್ಲಿ ಇದ್ದಂತೆಯೇ ಗಾಡಿ ಇರಬೇಕು, ಬದಲಾಯಿಸಲು ಅನುಮತಿ ಬೇಕು. ಮೋಟಾರು ಕ್ಯಾರವಾನಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ.

ಈ ಐದೂ ಒಂದೇ ಕಡೆ ಬೆರಳು ತೋರಿಸುತ್ತವೆ: ಮುಂಚೆಯೇ ಕೊಳ್ಳು.

ಆದರೆ ಇನ್ನೊಂದು ತಕ್ಕಡಿಯೂ ಇದೆ. ಪಿಂಚಣಿದಾರ ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆ ಅಂತ ತೋರಿಸಬೇಕು. ಕೋಲೂರಿಕೊಂಡು ಕೌಂಟರಿಗೆ ಬರುತ್ತಿದ್ದ ಎಷ್ಟೋ ಅಜ್ಜಂದಿರ ಸಹಿ ನಾನೇ ತಗೊಂಡಿದ್ದೇನೆ. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಬಂತು, 2021ರಲ್ಲಿ ಮೊಬೈಲಿಗೆ ಮುಖ ತೋರಿಸಿದರೂ ಸಾಕು ಅನ್ನುವುದು ಬಂತು. ಈಗ ಹಂಪಿಯಲ್ಲಿ ನಿಂತೇ ಬದುಕಿದ್ದೇನೆ ಅನ್ನಬಹುದು. ಸರಿಯೇ. ಆದರೆ ಆಧಾರ್, ಮತದಾರರ ಪಟ್ಟಿ, ಪಾಸ್‌ಬುಕ್ಕು ಎಲ್ಲಕ್ಕೂ ಇವತ್ತಿಗೂ ಒಂದು ಬಾಗಿಲ ನಂಬರು ಬೇಕು.

ಬಾಗಿಲ ನಂಬರಿನ ಬೆಲೆ ತಿಳಿಯಬೇಕಾದರೆ ನಮ್ಮ ಪಕ್ಕದ ಉಲ್ಹಾಸನಗರವನ್ನು ನೋಡಿ. ದೇಶ ಒಡೆದಾಗ ಸಿಂಧ್ ಬಿಟ್ಟು ಬಂದ ಸುಮಾರು ಒಂದು ಲಕ್ಷ ಜನರನ್ನು ಯುದ್ಧಕಾಲದ ಮಿಲಿಟರಿ ಬ್ಯಾರಕ್ಕುಗಳಲ್ಲಿ ಇಳಿಸಿದರು. 1949ರ ಆಗಸ್ಟ್ 8ರಂದು ರಾಜಾಜಿ ಬಂದು ಊರಿಗೆ ಅಡಿಗಲ್ಲು ಹಾಕಿದರು. ಇಂದಿಗೂ ಅಲ್ಲಿಯವರು ವಿಳಾಸ ಹೇಳುವುದು "ಕ್ಯಾಂಪ್ ನಂಬರ್ ಇಷ್ಟು" ಅಂತ. ಮನೆ ಕಳಕೊಂಡು ಬಂದವರು ಕ್ಯಾಂಪನ್ನೇ ವಿಳಾಸ ಮಾಡಿಕೊಂಡರು!

ಮುಂಬೈ ಕನ್ನಡಿಗರಾದ ನಮಗೆ ಈ ಪ್ರಶ್ನೆ ಬೇರೆ ವೇಷದಲ್ಲಿ ಪರಿಚಯವೇ ಇದೆ. "ಊರಲ್ಲಿ ಮನೆ ಯಾವಾಗ ಕಟ್ಟಿಸೋದು? ಇಲ್ಲಿಯ ಫ್ಲಾಟ್ ಮಾರಿಯೋ, ಇಟ್ಟುಕೊಂಡೋ?" ಫ್ಲಾಟ್ ಮಾರಿ ಊರಿಗೆ ಹೋಗಿ, ಮಕ್ಕಳು ಇಲ್ಲೇ ಉಳಿದು, ಎರಡೇ ವರ್ಷಕ್ಕೆ ಬಾಡಿಗೆ ಮನೆ ಹುಡುಕಿಕೊಂಡು ವಾಪಸು ಬಂದವರು ನಿಮ್ಮ ಪರಿಚಯದಲ್ಲೂ ಇದ್ದಾರು. ವ್ಯಾನಿನ ಲೆಕ್ಕವೂ ಅದೇ.

ಹಾಗಾಗಿ ನಮ್ಮ ತೀರ್ಮಾನ ಹೀಗಿದೆ. ಈ ವರ್ಷ ರಜೆ ಹಾಕಿ ಬೆಂಗಳೂರಿನಲ್ಲಿ ಬಾಡಿಗೆಗೆ ಒಂದು ಕ್ಯಾರವಾನ್ ಹಿಡಿದು ಹತ್ತು ದಿನ ಇಬ್ಬರೂ ಅದರಲ್ಲೇ ಇರುವುದು, ಮಳೆಗಾಲದಲ್ಲಿ ಬೇಕಂತಲೇ. ಹೊಂದಿಕೆಯಾದರೆ 58ಕ್ಕೆ ಕೊಳ್ಳುವುದು. ಉಳಿದ ಎರಡು ವರ್ಷ ಮಾಳ್ಶೇಜ್ ಘಾಟಿಗೆ, ಊರಿಗೆ ಹೋಗಿಬಂದು ಕೈ ಪಳಗಿಸಿಕೊಳ್ಳುವುದು. ನಿವೃತ್ತಿಯ ದುಡ್ಡಿನಿಂದ ಸಾಲ ತೀರಿಸುವುದು, ಪಿಂಚಣಿಗೆ ಕೈ ಹಚ್ಚದೆ. ವರ್ಷಕ್ಕೆ ಎಂಟು ತಿಂಗಳು ದಾರಿ, ಮಳೆಯ ನಾಲ್ಕು ತಿಂಗಳು ಶಹಾಡಿನ ಬೀಡು. ತಾಂಡಾದವರು ನೂರಾರು ವರ್ಷ ಪಾಲಿಸಿದ ನಿಯಮಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ.

ಇಷ್ಟೆಲ್ಲ ನಾನು ಇತಿಹಾಸ ಓದಿ ತಿಳಿದುಕೊಂಡದ್ದು. ನನ್ನಾಕೆ ಏನೂ ಓದದೆ ಹೇಳಿದ್ದು ಇಷ್ಟೇ: "ಗಾಡಿ ಬೇಕಾದ್ರ ನಾಳೆನ ತಗೋರಿ. ಮನಿ ಕೀಲಿ ಮಾತ್ರ ನನ್ನ ಕೈಯಾಗ ಇರ್ಲಿ."