ಉಪ್ಪುಗಾಳಿಯಲ್ಲಿ ತಾಮ್ರ: ಕಿಲುಬು ಹಿಡಿಯುವುದೇಕೆ?

ಇಗರ್ಜಿಯ ಕಂಚಿನ ಗಂಟೆ, ಹಿತ್ತಾಳೆಯ ಮೇಣದಬತ್ತಿ ಸ್ತಂಭ, ಸಿಡಿಲು ತಡೆಯುವ ತಾಮ್ರದ ಪಟ್ಟಿ - ಕರಾವಳಿಯಲ್ಲಿ ಇವೆಲ್ಲ ಬೇಗನೆ ಕಿಲುಬು ಹಿಡಿಯುತ್ತವೆ. ಇದರ ಕಾರಣವನ್ನೂ ಪರಿಹಾರವನ್ನೂ ಓದುಗರಿಗಾಗಿ ಇಲ್ಲಿ ನೀಡುತ್ತಿದ್ದೇವೆ.

ಒಳನಾಡಿನಲ್ಲಿ

ಹೊಸ ತಾಮ್ರದ ಮೇಲೆ ಮೊದಲು ತೆಳುವಾದ ಕೆಂಗಂದು ಆಕ್ಸೈಡ್ ಪದರ ಮೂಡುತ್ತದೆ. ಇದು ಒಳಗಿನ ಲೋಹವನ್ನು ಕಾಯುತ್ತದೆ. ಗೌರಿಬಿದನೂರು ತಾಲೂಕಿನ ತೊಂಡೇಬಾವಿ ನಮ್ಮ ಕಡಲಿನಿಂದ ಸುಮಾರು 300 ಕಿ.ಮೀ. ದೂರದಲ್ಲಿದೆ; ಗಾಳಿ ಒಣ, ಮಳೆ ಕಡಿಮೆ. ಅಂತಹ ಊರುಗಳಲ್ಲಿ ತಾಮ್ರ ವರ್ಷಗಟ್ಟಲೆ ಕಂದಾಗಿಯೇ ಉಳಿಯುತ್ತದೆ. ಸಿಮೆಂಟ್ ಕಾರ್ಖಾನೆ ಇರುವ ಆ ಊರಿನಲ್ಲಿ ದೂಳು ಕೂತರೂ, ತೇವವಿಲ್ಲದೆ ಸವೆತ ವೇಗ ಪಡೆಯದು.

ಕರಾವಳಿಯಲ್ಲಿ

ಅಡುಗೆ ಉಪ್ಪು ಗಾಳಿಯ ಆರ್ದ್ರತೆ ಶೇ. 75 ದಾಟಿದರೆ ನೀರಾಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33 ಸಾಕು. ಹೀಗಾಗಿ ಮಳೆ ಇಲ್ಲದ ದಿನವೂ ಲೋಹದ ಮೇಲೆ ಉಪ್ಪುನೀರಿನ ಪೊರೆ ಇರುತ್ತದೆ. ಅದರಲ್ಲಿನ ಕ್ಲೋರೈಡ್ ರಕ್ಷಾಪದರವನ್ನು ತೂರಿ ಹಸಿರು ಕಿಲುಬನ್ನು ಉಂಟುಮಾಡುತ್ತದೆ. ಮಳೆ ಈ ಉಪ್ಪನ್ನು ತೊಳೆಯುತ್ತದೆ. ಗಂಟೆಗೋಪುರದೊಳಗೆ, ಸೂರಿನಡಿ ಅದು ಸೇರುತ್ತಲೇ ಹೋಗುತ್ತದೆ.

ಕಲ್ಲಿದ್ದಲು, ಡೀಸೆಲ್ ಹೊಗೆಯ ಗಂಧಕದ ಡೈಆಕ್ಸೈಡ್ ತೇವದಲ್ಲಿ ಆಮ್ಲವಾಗುತ್ತದೆ. ಚರಂಡಿಯ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪಾಗಿಸುತ್ತದೆ. ಅಮೋನಿಯ ಹಿತ್ತಾಳೆಯಲ್ಲಿ ಬಿರುಕು ತರಬಲ್ಲದು.

ಐಎಸ್‌ಒ 9223 ಮಾನದಂಡದಂತೆ, ಸೌಮ್ಯ ಗಾಳಿಯಲ್ಲಿ ತಾಮ್ರ ಮೊದಲ ವರ್ಷ 0.1ರಿಂದ 0.6 ಮೈಕ್ರಾನ್ ಸವೆದರೆ, ಅತಿ ತೀವ್ರ ವರ್ಗದಲ್ಲಿ 2.8ರಿಂದ 5.6 ಮೈಕ್ರಾನ್ ಸವೆಯುತ್ತದೆ.

ನಿಜವಾದ ಅಪಾಯ

ಹಸಿರೆಲ್ಲವೂ ನಾಶದ ಗುರುತಲ್ಲ. 1886ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ನಿಂತ ಸ್ವಾತಂತ್ರ್ಯ ದೇವಿಯ ಪ್ರತಿಮೆಯ 2.4 ಮಿ.ಮೀ. ತಾಮ್ರದ ಹಾಳೆ ನೂರು ವರ್ಷಗಳಲ್ಲಿ ಸವೆದದ್ದು ಅತ್ಯಲ್ಪ. ಕೆಟ್ಟದ್ದು ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಪಟ್ಟಿಗಳು. ಉಪ್ಪುನೀರಿನಲ್ಲಿ ಎರಡು ಲೋಹ ಕೂಡಿದರೆ ಕಬ್ಬಿಣವೇ ಮೊದಲು ಕರಗುತ್ತದೆ. 1986ರೊಳಗೆ ಅವುಗಳನ್ನು ಬದಲಿಸಲಾಯಿತು.

ನಮ್ಮ ಇಗರ್ಜಿಗಳಲ್ಲೂ ನೋಡಬೇಕಾದುದು ಇಂತಹ ಜೋಡಣೆಗಳನ್ನೇ. ಸಿಡಿಲು ತಡೆಯ ಪಟ್ಟಿ ಹೊರಗೆ ಗಟ್ಟಿಯಾಗಿ ಕಂಡರೂ ಬೋಲ್ಟ್ ತಿಂದುಹೋಗಿದ್ದರೆ ಸಿಡಿಲು ನೆಲಕ್ಕಿಳಿಯುವ ದಾರಿ ತಪ್ಪುತ್ತದೆ. ಪೂಜೆಗೆ ಸೇರಿದವರ ಜೀವಕ್ಕೇ ಅಪಾಯ.

ಪಾಲನೆ

* ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮುನ್ನ ಅರ್ಥಿಂಗ್ ಜೋಡಣೆಗಳನ್ನು ತಿಳಿದವರಿಂದ ಪರೀಕ್ಷಿಸಿರಿ.
* ಸೂರಿನಡಿಯ ಲೋಹವನ್ನು ಆಗಾಗ ಸಿಹಿನೀರಿನಲ್ಲಿ ಒರೆಸಿ ಒಣಗಿಸಿರಿ.
* ಹುಣಸೆಹಣ್ಣು, ಉಪ್ಪಿನಿಂದ ಉಜ್ಜಿದರೆ ಉಪ್ಪು ಪೂರ್ತಿ ಹೋಗುವಂತೆ ತೊಳೆಯಿರಿ.
* ಹಳೆಯ ಕಂಚಿನಲ್ಲಿ ತಿಳಿಹಸಿರು ಪುಡಿ ಮತ್ತೆ ಮತ್ತೆ ಉದುರಿದರೆ ಉಜ್ಜಬೇಡಿ. ಸಂರಕ್ಷಣಾ ತಜ್ಞರಿಗೆ ತೋರಿಸಿರಿ.